ಬೆನ್ನ ಹಿಂದಿನ ಚೀಟಿ

ಸಕಲೇಶಪುರದ ಆಚೆ ನಮ್ಮ ಸೋದರಮಾವನ ಮನೆ. ಹಜಾರಕ್ಕೆ ಕಾಲಿಟ್ಟರೆ ಎದುರಿಗೇ ಕಾಟಿಯ ತಲೆ. ಕಾಡುಕೋಣ ಎಂದು ಪುಸ್ತಕದಲ್ಲಿ ಓದಿದವರು ಮನಸ್ಸಿನಲ್ಲಿ ಎಷ್ಟು ದೊಡ್ಡದು ಎಂದುಕೊಂಡಿರುತ್ತಾರೋ ಅದಕ್ಕಿಂತ ಅದು ಒಂದು ಸುತ್ತು ದೊಡ್ಡದೇ. ಬಲಗೊಂಬಿಗೆ ಮಾವನ ಛತ್ರಿ, ಎಡಗೊಂಬಿಗೆ ಟಾರ್ಚು ಮತ್ತು ಬ್ಯಾಂಕಿನವರು ಕೊಟ್ಟ ಕ್ಯಾಲೆಂಡರು. ಮಳೆಗಾಲದಲ್ಲಿ ಒದ್ದೆ ಟೋಪಿ ಒಣಗುವುದು ಅದರ ನೆತ್ತಿಯ ಮೇಲೆ. ಟೋಪಿ ಹಾಕಿಕೊಂಡ ದಿನಗಳಲ್ಲಿ ಅದಕ್ಕೆ ನಮ್ಮ ಹೈಸ್ಕೂಲಿನ ಡ್ರಿಲ್ ಮೇಷ್ಟ್ರ ಕಳೆ ಬಂದುಬಿಡುತ್ತಿತ್ತು. ಆಯುಧಪೂಜೆಯ ದಿನ ಕೋವಿ, ಕತ್ತಿ, ಸ್ಪ್ರೇ ಪಂಪು, ಜೀಪುಗಳ ಜೊತೆಗೆ ಕಾಟಿಯ ಹಣೆಗೂ ಅರಿಶಿನ ಕುಂಕುಮ. ಅತ್ತೆ ಸ್ಟೂಲು ಹತ್ತಿ, ಒದ್ದೆ ಬಟ್ಟೆಯಿಂದ ಅದರ ಮೂತಿ ಒರೆಸಿ, ಗಾಜಿನ ಕಣ್ಣುಗಳನ್ನು ಸೆರಗಿನ ತುದಿಯಲ್ಲಿ ಉಜ್ಜಿ, ಕಿವಿಯ ಸಂದಿಯ ಜೇಡರ ಬಲೆ ತೆಗೆದು, ಒಂದು ಚೆಂಡು ಹೂವು ಸಿಕ್ಕಿಸಿ ಇಳಿಯುವರು. ಜೀವಂತ ಇದ್ದಾಗ ಆ ಪ್ರಾಣಿಗೆ ಯಾರೂ ಅಷ್ಟು ಉಪಚಾರ ಮಾಡಿರಲಾರರು.

ಕಾಟಿಗೆ ಒಂದು ಕಥೆಯಿತ್ತು. ಒಂದು ಮಳೆಗಾಲದಲ್ಲಿ ಗುಂಪಿನಿಂದ ಹೊರಬಿದ್ದ ಒಂಟಿ ಕಾಟಿ ತೋಟಕ್ಕೆ ನುಗ್ಗಿ ಇಬ್ಬರು ಆಳುಗಳನ್ನು ತಿವಿಯಿತಂತೆ. ನಮ್ಮ ತಾತ ಒಬ್ಬರೇ ಕೋವಿ ಹಿಡಿದು ಹೋದರಂತೆ. ಮಂಜಿನಲ್ಲಿ ಮೂವತ್ತು ಅಡಿ ದೂರಕ್ಕೆ ಬಂದ ಮೇಲೇ ಅದು ಕಾಣಿಸಿತಂತೆ. ಒಂದೇ ಈಡು. ಈ ಕಥೆಯನ್ನು ಮಾವ ಹೇಳುವಾಗ ಮೂವತ್ತು ಅಡಿ ವರ್ಷ ವರ್ಷಕ್ಕೂ ಕಡಿಮೆಯಾಗುತ್ತಾ ಬಂದು, ನಾನು ಕಾಲೇಜು ಸೇರುವ ಹೊತ್ತಿಗೆ ಹನ್ನೆರಡು ಅಡಿಗೆ ನಿಂತಿತ್ತು. ಇನ್ನೆರಡು ವರ್ಷ ಬಿಟ್ಟಿದ್ದರೆ ತಾತ ಕಾಟಿಯ ಬೆನ್ನೇರಿ ಕುಳಿತೇ ಗುಂಡು ಹಾರಿಸುತ್ತಿದ್ದರೇನೋ.

ಸತ್ತದ್ದನ್ನು ಇದ್ದ ಹಾಗೆ ನಿಲ್ಲಿಸುವ ಈ ವಿದ್ಯೆಗೆ ಇಂಗ್ಲಿಷಿನಲ್ಲಿ ಟ್ಯಾಕ್ಸಿಡರ್ಮಿ ಎನ್ನುತ್ತಾರೆ. ಗ್ರೀಕ್ ಮೂಲದ ಮಾತು, ಬಿಡಿಸಿದರೆ ಚರ್ಮದ ಜೋಡಣೆ. ಕನ್ನಡದ ನಿಘಂಟಿನಲ್ಲಿ ಏನೇ ಇರಲಿ, ಜನ ಹೇಳುವುದು ‘ಸ್ಟಫ್ ಮಾಡಿಸಿದ ಹುಲಿ’ ಎಂದೇ. ಆದರೆ ವಿದ್ಯೆ ಮಾತ್ರ ನಮಗೆ ಹೊಸದಲ್ಲ. ನಾನು ಮೊದಲು ಕಂಡ ಸ್ಟಫ್ ಮಾಡಿದ ಪ್ರಾಣಿ ಮಾವನ ಮನೆಯ ಕಾಟಿಯೂ ಅಲ್ಲ, ಯಾವ ಅರಮನೆಯ ಹುಲಿಯೂ ಅಲ್ಲ. ಅದೇ ಊರಿನ ಕೊಟ್ಟಿಗೆಯಲ್ಲಿದ್ದ ಒಂದು ಕರು.

ಹಸು ಈದ ಹತ್ತೇ ದಿನಕ್ಕೆ ಕರು ಸತ್ತಿತ್ತು. ಕರು ಎದುರಿಗಿಲ್ಲದೆ ಹಸು ಸೊರ ಬಿಡುವುದಿಲ್ಲ. ಕೆಚ್ಚಲು ತುಂಬಿದ್ದರೂ ಹಾಲು ಇಳಿಯುವುದಿಲ್ಲ. ಆಗ ಆಳು ಸತ್ತ ಕರುವಿನ ಚರ್ಮವನ್ನು ಸುಲಿದು, ಉಪ್ಪು ಸವರಿ, ಒಣಗಿಸಿ, ಒಳಗೆ ಒಣಹುಲ್ಲು ತುರುಕಿ, ಗೋಣಿ ದಬ್ಬಳದಲ್ಲಿ ಹೊಲಿದ. ನಾಲ್ಕು ಕಾಲಿಗೆ ನಾಲ್ಕು ಕೋಲು. ಕಣ್ಣಿಲ್ಲ, ಕಿವಿ ಒಂದೇ. ದಿಂಬಿಗೆ ಕಾಲು ಬಂದ ಹಾಗಿತ್ತು ಅದು. ಬೆಳಿಗ್ಗೆ ಸಂಜೆ ಅದನ್ನು ಹಸುವಿನ ಮುಂದೆ ತಂದು ನಿಲ್ಲಿಸುವರು. ಹಸು ಮೂಸಿ, ನೆಕ್ಕಿ, ಕಣ್ಣು ಅರ್ಧ ಮುಚ್ಚಿಕೊಂಡು ಹಾಲು ಇಳಿಸುವುದು. ನೋಡುತ್ತಿದ್ದ ನನಗೆ ಆ ಹಸು ದಡ್ಡದು ಎನ್ನಿಸಿತ್ತು. ಈಗ ಹಾಗೆನ್ನಿಸುವುದಿಲ್ಲ. ಹಸು ಆಕಾರ ನೋಡಲಿಲ್ಲ, ವಾಸನೆ ನೋಡಿತು. ಇದು ಯಾರದ್ದು, ಎಲ್ಲಿಯದು ಎನ್ನುವುದು ಅದಕ್ಕೆ ಮೂಗಿನಲ್ಲಿ ಬರೆದಿತ್ತು. ಕಣ್ಣು ಗಾಜಿನದ್ದೋ, ಗೋಲಿಯದ್ದೋ, ಇಲ್ಲವೇ ಇಲ್ಲವೋ, ಹಸುವಿಗೆ ಅದು ಕಟ್ಟಿಕೊಂಡು ಏನಾಗಬೇಕು?

ಕಣ್ಣು, ಹಲ್ಲು, ಮೀಸೆ ಎಂದು ಗೋಳಾಡುವವರು ಮನುಷ್ಯರು. ಆ ಗೋಳನ್ನು ಒಂದು ನೂರು ವರ್ಷ ತೀರಿಸಿದ ಮನೆತನ ನಮ್ಮ ಮೈಸೂರಿನಲ್ಲೇ ಇತ್ತು. ಯೂಜೀನ್ ವ್ಯಾನ್ ಇಂಗೆನ್ ಎನ್ನುವ ಡಚ್ ಮೂಲದವರು 1900ರ ಸುಮಾರಿಗೆ ಆರಂಭಿಸಿದ ಕಾರ್ಖಾನೆ ಅದು. ಆಗ ದಕ್ಷಿಣ ಆಫ್ರಿಕದಲ್ಲಿ ಡಚ್ ವಂಶದ ಬೋಯರರಿಗೂ ಬ್ರಿಟಿಷರಿಗೂ ಯುದ್ಧ ನಡೆದಿತ್ತು. ತಮ್ಮ ಡಚ್ ರಕ್ತದ ಅಭಿಮಾನಕ್ಕೆ ಅವರು ಮಕ್ಕಳಿಗೆ ಬೋಥಾ, ಡಿ ವೆಟ್, ಜೂಬರ್ಟ್ ಎಂದು ಬೋಯರ್ ಸೇನಾಪತಿಗಳ ಹೆಸರನ್ನಿಟ್ಟರು. ಬ್ರಿಟಿಷರ ವಿರುದ್ಧ ಹೋರಾಡಿದವರ ಹೆಸರು ಹೊತ್ತ ಈ ಮಕ್ಕಳು ಮುಂದೆ ಬದುಕಿದ್ದು ಬ್ರಿಟಿಷ್ ಸಾಹೇಬರ ಹುಲಿಗಳಿಗೆ ಜೀವಕಳೆ ಕೊಟ್ಟು. ಹುಲಿ ಮತ್ತು ಚಿರತೆ ಎರಡೇ ಸೇರಿ 43,000ಕ್ಕೂ ಹೆಚ್ಚು ಅವರ ಕೈದಾಟಿ ಹೋದವು ಎಂದು ಅವರ ಲೆಕ್ಕದ ಪುಸ್ತಕಗಳನ್ನು ಜಾಲಾಡಿದವರು ಬರೆದಿದ್ದಾರೆ. ಬೇಟೆ ನಡೆದ ಎಪ್ಪತ್ತು ವರ್ಷಕ್ಕೆ ಹಂಚಿ ನೋಡಿದೆ. ಭಾನುವಾರ, ಹಬ್ಬ, ದಸರಾ ಯಾವುದನ್ನೂ ಬಿಡದೆ ದಿನಕ್ಕೆ ಒಂದೂವರೆಗಿಂತ ಮೇಲೆ ಬೀಳುತ್ತದೆ. ಇದು ಒಂದು ಊರಿನ ಒಂದು ಕಾರ್ಖಾನೆಯ ಲೆಕ್ಕ.

ಸ್ಟಫ್ ಎಂದರೆ ಒಳಗೆ ಹುಲ್ಲೋ ಹತ್ತಿಯೋ ತುಂಬುವುದು ಎಂದು ನಾವು ಅಂದುಕೊಳ್ಳುತ್ತೇವೆ. ವ್ಯಾನ್ ಇಂಗೆನ್ ಹುಲಿಯ ಒಳಗೆ ಹುಲ್ಲಿಲ್ಲ, ಕಾಗದವಿದೆ. ದೇಶದ ಮೂಲೆ ಮೂಲೆಯಿಂದ ಉಪ್ಪು ಹಚ್ಚಿದ ಚರ್ಮ, ತಲೆಬುರುಡೆಗಳು ಮೈಸೂರಿಗೆ ಬರುವುವು. ಚರ್ಮದ ಒಳಮೈಯನ್ನು ಹೆರೆದು ತೆಳುಮಾಡಿ ಹದ ಹಾಕುವ ಕೆಲಸ ಒಂದು ಕಡೆ. ಇನ್ನೊಂದು ಕಡೆ, ಬೇರೆ ಬೇರೆ ಅಳತೆಯ ಹುಲಿಗಳ ಅಚ್ಚುಗಳಿಗೆ ಕಾಗದದ ಮೇಲೆ ಕಾಗದ, ಅಂಟಿನ ಮೇಲೆ ಅಂಟು ಬಳಿದು ಟೊಳ್ಳು ಮೈ ತಯಾರಿಸುವ ಕೆಲಸ. ನಮ್ಮೂರಿನ ಗೊಂಬೆ ಮಾಡುವವರ ಕೈಗೆ ಹೊಸದಲ್ಲದ ಕೆಲಸವೇ. ಒಣಗಿದ ಕಾಗದದ ಹುಲಿಗೆ ನಿಜದ ಹುಲಿಯ ಚರ್ಮ ತೊಡಿಸಿ, ತುಟಿ ಮಡಿಚಿ, ನಾಲಿಗೆ ಕೂರಿಸಿ, ಬಣ್ಣ ಬಳಿಯುವುದು ಕೊನೆಯ ಹಂತ. ಕಣ್ಣಿನದ್ದೇ ಒಂದು ಕಥೆ. ಮನೆಯ ಬೆಕ್ಕಿನ ಪಾಪೆ ಬೆಳಕಿಗೆ ಸೀಳಿನಂತೆ ನಿಲ್ಲುತ್ತದೆ, ಹುಲಿಯದು ನಮ್ಮದರಂತೆ ದುಂಡು. ಅಗ್ಗದ ಕೆಲಸಗಾರ ಹುಲಿಗೆ ಬೆಕ್ಕಿನ ಕಣ್ಣು ಇಟ್ಟುಬಿಡುತ್ತಾನೆ. ಯಾಕೋ ಮೋಸವಾಗಿದೆ ಎಂದು ನೋಡಿದವನಿಗೆ ಅನ್ನಿಸುತ್ತದೆ, ಏನೆಂದು ಹೇಳಲು ಬರುವುದಿಲ್ಲ.

ಆ ಹುಲಿಗಳಲ್ಲಿ ಹಲ್ಲು ಕಿರಿಯದ ಹುಲಿಯನ್ನು ಹುಡುಕುವುದು ಕಷ್ಟ. ಕಾಡಿನಲ್ಲಿ ಹುಲಿ ಅಷ್ಟು ಹೊತ್ತು ಬಾಯಿ ತೆರೆದುಕೊಂಡು ನಿಂತರೆ ದವಡೆ ಹಿಡಿದುಕೊಂಡೀತು. ಅದರ ದಿನದ ಬಹುಪಾಲು ನಿದ್ದೆ, ಆಕಳಿಕೆ, ಮೈ ನೆಕ್ಕಿಕೊಳ್ಳುವುದು. ಆದರೆ ಮಲಗಿದ ಹುಲಿಯನ್ನು ಮಾಡಿಸಿ ಹಜಾರದಲ್ಲಿಟ್ಟರೆ, ಹೊಡೆದವನ ಬಗ್ಗೆ ಬಂದವರು ಏನೆಂದುಕೊಂಡಾರು? ಹುಲಿಯ ಸಿಟ್ಟು ಎಷ್ಟು ಹೆಚ್ಚೋ ಯಜಮಾನರ ಧೈರ್ಯ ಅಷ್ಟು ಹೆಚ್ಚು. ಅಳತೆಯದ್ದೂ ಇದೇ ಹಾಡು. ಸತ್ತ ಹುಲಿಯ ಮೂಗಿಗೊಂದು ಬಾಲದ ತುದಿಗೊಂದು ಗೂಟ ಹೊಡೆದು ನೇರ ಅಳೆಯುವುದು ಒಂದು ಕ್ರಮ. ಬೆನ್ನಿನ ಏರಿಳಿತದ ಮೇಲೇ ಟೇಪು ಎಳೆಯುವುದು ಇನ್ನೊಂದು. ಎರಡನೆಯದರಲ್ಲಿ ಹುಲಿ ಕೂತಲ್ಲೇ ಕೆಲವು ಅಂಗುಲ ಬೆಳೆಯುತ್ತದೆ. ವೈಸ್‌ರಾಯ್ ದೊರೆಗಳ ಬೇಟೆಗೆಂದೇ ಹನ್ನೊಂದು ಅಂಗುಲಕ್ಕೊಂದು ಅಡಿಯ ಟೇಪು ಇರುತ್ತಿತ್ತು ಎಂಬ ಚಟಾಕಿಯೂ ಶಿಕಾರಿಗಳ ನಡುವೆ ಓಡಾಡುತ್ತಿತ್ತು. ನಮ್ಮ ಮಾವನ ಹನ್ನೆರಡು ಅಡಿ ಅಂಥ ಟೇಪಿನದ್ದೇ ಇರಬೇಕು.

ಇಷ್ಟೆಲ್ಲ ನಾಟಕದ ನಡುವೆ ಆ ಕಾರ್ಖಾನೆಯಲ್ಲಿ ಸುಳ್ಳು ಹೇಳದ ಒಂದು ವಸ್ತುವಿತ್ತು. ಅದು ಲೆಕ್ಕದ ಪುಸ್ತಕ. ಬಂದ ಚರ್ಮಕ್ಕೊಂದು ಸಂಖ್ಯೆ, ಕಳಿಸಿದವರ ಹೆಸರು. ನಾಡಿನ ಬೇಟೆಯ ಲೆಕ್ಕ ಹಾಕಲು ಇವತ್ತಿನವರಿಗೆ ಉಪಯೋಗಕ್ಕೆ ಬಂದದ್ದು ಹಲ್ಲು ಕಿರಿದ ಹುಲಿಗಳಲ್ಲ, ಯಾರೋ ಗುಮಾಸ್ತ ಶಾಯಿ ಅದ್ದಿ ಬರೆದ ಆ ಸಾಲುಗಳು. 1948ರಲ್ಲಿ ಬಾಂಬೆ ನ್ಯಾಚುರಲ್ ಹಿಸ್ಟರಿ ಸೊಸೈಟಿಯ ಪತ್ರಿಕೆಯಲ್ಲಿ ಈ ಸಹೋದರರ ಹೆಸರಿನಲ್ಲೇ ಒಂದು ಚಿಕ್ಕ ಟಿಪ್ಪಣಿ ಬಂತು. ಹಿಂದಿನ ವರ್ಷ ಕೊರಿಯಾ ಸಂಸ್ಥಾನದ ರಾಜರು ಒಂದೇ ರಾತ್ರಿಯಲ್ಲಿ ಹೊಡೆದ ಮೂರು ಚೀತಾಗಳ ವಿಷಯ ಅದು. ಮೂರೂ ಗಂಡು. ಮುಂದೆ 1952ರಲ್ಲಿ ಚೀತಾ ಈ ದೇಶದಲ್ಲಿ ಅಳಿಯಿತೆಂದು ಸಾರಿದರು. ನಮ್ಮ ಕೊನೆಯ ಚೀತಾಗಳು ಯಾವುವು ಎಂದು ಕೇಳಿದವರಿಗೆಲ್ಲ ಈಗಲೂ ತೋರಿಸುವುದು ಆ ಮೂರನ್ನೇ.

ಹುಲಿ ಬೇಟೆ ನಿಂತು, 1972ರ ವನ್ಯಜೀವಿ ಕಾಯ್ದೆ ಬಂದ ಮೇಲೆ ಕಾರ್ಖಾನೆಗೆ ಕೆಲಸ ಕಡಿಮೆಯಾಗುತ್ತಾ ಹೋಗಿ 1999ರಲ್ಲಿ ಮುಚ್ಚಿತು. ಜೂಬರ್ಟ್ ವ್ಯಾನ್ ಇಂಗೆನ್ 2013ರಲ್ಲಿ ತೀರಿಕೊಂಡಾಗ ನೂರು ತುಂಬಿತ್ತು.

ಇದನ್ನೆಲ್ಲ ತಿಳಿದವನಂತೆ ಬರೆಯುತ್ತಿರುವ ನಾನು ಸ್ವಂತ ಕೈಯಿಂದ ಮಾಡಿದ ಟ್ಯಾಕ್ಸಿಡರ್ಮಿ ಒಂದೇ ಒಂದು. ಬಿ.ಎಸ್ಸಿ. ಎರಡನೆಯ ವರ್ಷ. ಪಕ್ಕದ ಮನೆಯ ಹುಡುಗಿಯ ಲವ್ ಬರ್ಡ್ ಸತ್ತಿತು. ಹಸಿರು ಬಣ್ಣದ ಗಂಡು, ಹೆಸರು ಮಿಠು. ಅವಳ ಅಳು ನೋಡಲಾರದೆ, ‘ಅಳಬೇಡ ಪುಟ್ಟಿ, ಯಾವಾಗಲೂ ನಿನ್ನ ಹತ್ರಾನೇ ಇರೋ ಹಾಗೆ ಮಾಡಿಕೊಡ್ತೀನಿ’ ಎಂದು ಮಾತು ಕೊಟ್ಟೆ. ಪ್ರಾಣಿಶಾಸ್ತ್ರ ಓದುವವರಿಗೆ ಆ ವಯಸ್ಸಿನಲ್ಲಿ ಬರುವ ಸೊಕ್ಕು.

ನಮ್ಮ ಲ್ಯಾಬಿನ ಅಟೆಂಡರ್ ವಿದ್ಯೆ ಹೇಳಿಕೊಟ್ಟರು. ಎದೆಯ ಕೆಳಗೆ ಒಂದೂವರೆ ಅಂಗುಲ ಸೀಳು. ಒಳಗಿನ ಮೈಯನ್ನು ಕಾಲುಚೀಲ ಕಳಚಿದಂತೆ ಹಿಂದುಮುಂದು ಮಾಡಿ ಹೊರತೆಗೆಯಬೇಕು. ರಕ್ತ ತಾಗಿ ಗರಿ ಕೆಡದ ಹಾಗೆ ಹೆಜ್ಜೆ ಹೆಜ್ಜೆಗೂ ಮರದ ಹೊಟ್ಟು ಉದುರಿಸಬೇಕು. ತಲೆಬುರುಡೆಯ ಹಿಂದೆ ತೂತು ಮಾಡಿ ಮಿದುಳು ತೆಗೆಯಬೇಕು. ಕೊಕ್ಕು, ಬುರುಡೆ, ರೆಕ್ಕೆ ಮತ್ತು ಕಾಲಿನ ಮೂಳೆ ಚರ್ಮದ ಜೊತೆಗೇ ಉಳಿಯಬೇಕು. ಒಳಮೈಗೆ ಬೊರಾಕ್ಸ್ ಪುಡಿ. ಹದಿನೆಂಟನೆಯ ಶತಮಾನದ ಫ್ರಾನ್ಸಿನ ಬೆಕೂರ್ ಎಂಬಾತ ಇದಕ್ಕೆ ಪಾಷಾಣ ಬೆರೆಸಿದ ಸೋಪನ್ನು ಕಂಡುಹಿಡಿದ. ಅಲ್ಲಿಂದ ಇನ್ನೂರು ವರ್ಷ ಜಗತ್ತಿನ ಮ್ಯೂಸಿಯಮ್ಮುಗಳೆಲ್ಲ ಆ ಪಾಷಾಣದಿಂದಲೇ ಹುಳದಿಂದ ಬಚಾವಾದವು. ಹುಳ ಮಾತ್ರ ಸತ್ತವೆಂದೇನೂ ಇಲ್ಲ, ಅದರಲ್ಲೇ ಕೈಯಾಡಿಸಿದ ಮನುಷ್ಯರೂ ಅನುಭವಿಸಿದ್ದಾರೆ. ನನಗೆ ಬೊರಾಕ್ಸೇ ಸಿಕ್ಕಿದ್ದು ಪುಣ್ಯ.

ಒಳಗೆ ಹತ್ತಿ ತುಂಬುವಾಗ ಅಟೆಂಡರ್ ಹೇಳಿದ್ದನ್ನು ನಾನು ಕೇಳಲಿಲ್ಲ. ‘ಹಸಿ ಚರ್ಮ ಎಳೆದಷ್ಟೂ ಬರುತ್ತೆ ಸಾರ್, ಆಸೆ ಪಡಬೇಡಿ’ ಎಂದಿದ್ದರು. ನಾನು ಆಸೆಪಟ್ಟೆ. ಇನ್ನೊಂದು ಚೂರು, ಇನ್ನೊಂದು ಚೂರು ಎಂದು ತುರುಕಿದೆ. ಮಿಠುವಿನ ಕತ್ತು ಉದ್ದವಾಗುತ್ತಾ ಹೋಯಿತು. ಮೂರು ದಿನಕ್ಕೆ ಒಣಗಿ ನಿಂತಾಗ ಅದು ಬಾತುಕೋಳಿಗೆ ದೂರದ ನೆಂಟನಂತೆ, ಯಾರದ್ದೋ ಮದುವೆ ಊಟದ ಪಂಕ್ತಿಯಲ್ಲಿ ಮುಂದೆ ಎಷ್ಟು ಜನ ಇದ್ದಾರೆಂದು ಇಣುಕುತ್ತಿರುವಂತೆ ಕಾಣುತ್ತಿತ್ತು. ಹುಡುಗಿ ನೋಡಿದಳು. ಅಳಲಿಲ್ಲ. ‘ಇದು ಮಿಠು ಅಲ್ಲ, ಮಾಮ’ ಎಂದು ಹೇಳಿ ಒಳಗೆ ಹೋದಳು.

ನುರಿತವರೂ ಸಾಕಿದ ಪ್ರಾಣಿಯನ್ನು ಮಾಡಿಕೊಡಲು ಹಿಂಜರಿಯುತ್ತಾರೆ. ಅದರ ಕಾರಣ ಅವತ್ತು ಗೊತ್ತಾಯಿತು. ಶಿಕಾರಿ ತಾನು ಹೊಡೆದ ಹುಲಿಯನ್ನು ಜೀವಂತ ನೋಡಿದ್ದು ಎರಡು ಕ್ಷಣ, ಅದೂ ಎದೆ ಹೊಡೆದುಕೊಳ್ಳುತ್ತಿರುವಾಗ. ಯಾವ ಮುಖ ಮಾಡಿಕೊಟ್ಟರೂ ಅವನು ಹೌದು, ಇದೇ ಎನ್ನುತ್ತಾನೆ. ಹುಡುಗಿ ಮಿಠುವನ್ನು ನಾಲ್ಕು ವರ್ಷ ನೋಡಿದ್ದಳು.

ನನ್ನ ಎರಡನೆಯ ಅಪರಾಧ ಇದಕ್ಕಿಂತ ಗಂಭೀರವಾದದ್ದು. ಕೊನೆಯ ವರ್ಷದ ಪ್ರಾಕ್ಟಿಕಲ್ ಪರೀಕ್ಷೆಗೆ ಇಪ್ಪತ್ತೈದು ಕೀಟಗಳ ಪೆಟ್ಟಿಗೆ ಒಪ್ಪಿಸಬೇಕಿತ್ತು. ಹಾರ್ಲಿಕ್ಸ್ ಬಾಟಲಿಯ ತಳಕ್ಕೆ ಹತ್ತಿ ಹಾಕಿ, ಅಕ್ಕನ ನೇಲ್ ಪಾಲಿಶ್ ತೆಗೆಯುವ ದ್ರವ ಸುರಿದು, ವಾರಗಟ್ಟಲೆ ಮೈಸೂರಿನ ಕುಕ್ಕರಹಳ್ಳಿ ಕೆರೆಯ ಏರಿಯ ಮೇಲೆ ಅಲೆದು ಇಪ್ಪತ್ಮೂರು ಸೇರಿಸಿದ್ದೆ. ಪೆಟ್ಟಿಗೆಗೆ ನುಸಿ ಗುಳಿಗೆ ಹಾಕುವುದನ್ನು ನಾಳೆ ನಾಳೆ ಎಂದು ಮುಂದೂಡಿದೆ. ಒಂದು ಬೆಳಿಗ್ಗೆ ಮುಚ್ಚಳ ತೆಗೆದರೆ ಇಪ್ಪತ್ಮೂರು ಗುಂಡುಸೂಜಿ, ಇಪ್ಪತ್ಮೂರು ಚೀಟಿ, ನಡುವೆ ಒಂದಷ್ಟು ರೆಕ್ಕೆಯ ಪುಡಿ, ಮತ್ತು ಸಾಲು ಹಿಡಿದು ಮನೆಗೆ ಹೊರಟಿದ್ದ ಕೆಂಪಿರುವೆಗಳು.

ಪರೀಕ್ಷೆಗೆ ನಾಲ್ಕು ದಿನ. ಸೀನಿಯರ್ ಒಬ್ಬನ ಹಳೆಯ ಪೆಟ್ಟಿಗೆಯನ್ನು ನಲವತ್ತು ರೂಪಾಯಿಗೆ ಕೊಂಡೆ. ಅವನ ಚೀಟಿಗಳನ್ನು ಕಿತ್ತು, ಇರುವೆಗಳು ಧರ್ಮಕ್ಕೆ ಬಿಟ್ಟಿದ್ದ ನನ್ನ ಚೀಟಿಗಳನ್ನೇ ಚುಚ್ಚಿದೆ. ಹೊಸದಾಗಿ ಬರೆಯಲು ಸೋಮಾರಿತನ. ಬಾಹ್ಯ ಪರೀಕ್ಷಕರು ಬೇರೆ ಊರಿನಿಂದ ಬಂದ ವಯಸ್ಸಾದ ಮೇಷ್ಟ್ರು. ಪೆಟ್ಟಿಗೆಯ ಮೇಲೆ ಬಗ್ಗಿ ಒಂದೊಂದನ್ನೇ ಓದುತ್ತಾ ಬಂದು, ಬಿಳಿ ರೆಕ್ಕೆಯ ಮೇಲೆ ಕಪ್ಪು ಚುಕ್ಕಿಗಳ ಒಂದು ದೊಡ್ಡ ಚಿಟ್ಟೆಯ ಹತ್ತಿರ ನಿಂತರು. ತೆಳು ಕಾಗದ ಗಾಳಿಯಲ್ಲಿ ತೇಲಿದಂತೆ ಹಾರುವ ಮಲಬಾರ್ ಟ್ರೀ ನಿಂಫ್ ಅದು. ಪಶ್ಚಿಮಘಟ್ಟದ ನಿತ್ಯಹರಿದ್ವರ್ಣ ಕಾಡು ಬಿಟ್ಟು ಬರುವ ಪ್ರಾಣಿಯಲ್ಲ. ಸೀನಿಯರ್ ಅದನ್ನು ಆಗುಂಬೆಯಲ್ಲಿ ಹಿಡಿದಿದ್ದ.

‘ಇದು ಎಲ್ಲಿ ಸಿಕ್ತು?’

‘ಕುಕ್ಕರಹಳ್ಳಿ ಕೆರೆ ಸಾರ್.’

‘ಫೆಬ್ರವರೀಲಿ?’

‘ಹೌದು ಸಾರ್.’

ಅವರು ಕನ್ನಡಕ ತೆಗೆದು ಒರೆಸಿಕೊಂಡರು. ‘ನಾನು ಮೂವತ್ತು ವರ್ಷ ಚಿಟ್ಟೆ ಹಿಂದೆ ಅಲೆದವನು ಕಣಪ್ಪ. ನಾಳೆ ಬೆಳಿಗ್ಗೆ ಆರು ಗಂಟೆಗೆ ನನ್ನ ಲಾಡ್ಜ್ ಹತ್ರ ಬಾ. ಇಬ್ಬರೂ ಹೋಗೋಣ. ಇನ್ನೊಂದು ಸಿಕ್ಕಿದ್ರೆ ಪೇಪರಿಗೆ ನಿನ್ನ ಹೆಸರಲ್ಲೇ ಬರೀತೀನಿ.’

ನಾನು ನೆಲ ನೋಡಿದೆ. ಅವರು ಅಂಕ ಕಳೆಯಲಿಲ್ಲ ಎಂದು ಆಮೇಲೆ ಗೊತ್ತಾಯಿತು. ಚಿಟ್ಟೆಯ ಸೂಜಿಯಿಂದ ಚೀಟಿಯನ್ನು ಮೆಲ್ಲಗೆ ಬಿಡಿಸಿ, ನಾಲ್ಕಾಗಿ ಮಡಿಚಿ ತಮ್ಮ ಜೇಬಿಗೆ ಹಾಕಿಕೊಂಡರು. ಚಿಟ್ಟೆಯನ್ನು ಅಲ್ಲೇ ಬಿಟ್ಟರು.

ಎಷ್ಟೋ ವರ್ಷದ ಮೇಲೆ ರಿಚರ್ಡ್ ಮೈನರ್ಟ್ಸ್‌ಹಾಗನ್ ಎಂಬ ಇಂಗ್ಲಿಷ್ ಕರ್ನಲನ ಕಥೆ ಓದಿದಾಗ ನನಗೆ ಸ್ವಲ್ಪ ಸಮಾಧಾನವಾಯಿತೆಂದರೆ ತಪ್ಪು ತಿಳಿಯಬೇಡಿ. ನನಗಿಂತ ದೊಡ್ಡವರಿದ್ದಾರೆ ಎನ್ನುವ ಸಮಾಧಾನ. ಸೈನಿಕ, ಗೂಢಚಾರ, ಹಕ್ಕಿಗಳ ಪಂಡಿತ. 1954ರಲ್ಲಿ ಸುಮಾರು 20,000 ಹಕ್ಕಿಗಳ ಸಂಗ್ರಹವನ್ನು ಬ್ರಿಟಿಷ್ ಮ್ಯೂಸಿಯಮ್ಮಿಗೆ ದಾನ ಮಾಡಿ ಹೊಗಳಿಸಿಕೊಂಡವನು. ಅವನು ಸತ್ತ ಮೇಲೆ ಪರೀಕ್ಷಿಸಿದರೆ, ಅವುಗಳಲ್ಲಿ ಎಷ್ಟೋ ಹಕ್ಕಿಗಳು ಅದೇ ಮ್ಯೂಸಿಯಮ್ಮಿನಿಂದ ಕದ್ದವು! ಹಳೆಯ ಚೀಟಿ ಕಿತ್ತು, ಕೆಲವನ್ನು ಬಿಚ್ಚಿ ಹೊಸದಾಗಿ ಹತ್ತಿ ತುಂಬಿ, ತಾನೇ ಹಿಡಿದ ಊರು ತಾರೀಖು ಬರೆದುಕೊಂಡಿದ್ದ. ಆದರೆ ಹಕ್ಕಿಯ ಚರ್ಮ ತಯಾರಿಸುವವರಿಗೆ ಒಬ್ಬೊಬ್ಬರಿಗೂ ಒಂದು ಕೈವರಸೆ. ಯಾವ ಮೂಳೆ ಉಳಿಸುತ್ತಾರೆ, ಹತ್ತಿಯನ್ನು ಹೇಗೆ ಸುತ್ತುತ್ತಾರೆ, ಎಲ್ಲಿ ಹೊಲಿಗೆ ಮುಗಿಸುತ್ತಾರೆ. ಹತ್ತು ಮನೆಯ ಹೋಳಿಗೆ ಒಂದೇ ತಟ್ಟೆಯಲ್ಲಿಟ್ಟರೂ ಇದು ಯಾರ ಮನೆಯದು ಎಂದು ನಮ್ಮ ಅತ್ತೆ ಹೇಳುವ ಹಾಗೆ, ಎಕ್ಸ್‌ರೇ ತೆಗೆದು ನೋಡಿದ ಪಂಡಿತರು ಇದು ಇಂಥವರ ಕೈ ಎಂದು ಹೇಳಿಬಿಟ್ಟರು.

ಆ ಕದ್ದ ಹಕ್ಕಿಗಳಲ್ಲಿ ಒಂದು ನಮ್ಮ ಹಾಲಕ್ಕಿಗೆ ಅಕ್ಕನಂತಿರುವ ಪುಟ್ಟ ಗೂಬೆ, ಫಾರೆಸ್ಟ್ ಔಲೆಟ್. ಗುಜರಾತಿನ ಮಾಂಡವಿಯಲ್ಲಿ 1914ರಲ್ಲಿ ಹಿಡಿದದ್ದು ಎಂದು ಕರ್ನಲ್ ಚೀಟಿ ಬರೆದಿದ್ದ. ಜಗತ್ತಿನ ಮ್ಯೂಸಿಯಮ್ಮುಗಳಲ್ಲೆಲ್ಲ ಸೇರಿ ಬೆರಳೆಣಿಕೆಯಷ್ಟೇ ಇದ್ದ ಆ ಗೂಬೆಯನ್ನು ಹುಡುಕುವವರಿಗೆ ಮಾಂಡವಿ ದಾರಿ ತಪ್ಪಿಸುವ ಊರಾಯಿತು. ಅಮೆರಿಕದ ಪಕ್ಷಿತಜ್ಞೆ ಪಮೇಲಾ ರಾಸ್ಮುಸ್ಸೆನ್ ಆ ಚೀಟಿಯೇ ಸುಳ್ಳು ಎಂದು ಕಂಡುಕೊಂಡರು. ಅದು ನಿಜಕ್ಕೂ 1880ರ ದಶಕದಲ್ಲಿ ಖಾನ್‌ದೇಶದಲ್ಲಿ ಜೇಮ್ಸ್ ಡೇವಿಡ್‌ಸನ್ ಎಂಬ ಅಧಿಕಾರಿ ಸಂಗ್ರಹಿಸಿದ ಹಕ್ಕಿ. ಸುಳ್ಳನ್ನು ಬದಿಗಿಟ್ಟು ನಿಜದ ಚೀಟಿಗಳ ಊರುಗಳನ್ನು ಹಿಡಿದು ಹೊರಟವರಿಗೆ, 1997ರ ನವೆಂಬರಿನಲ್ಲಿ, ಮಹಾರಾಷ್ಟ್ರದ ಶಹಾದಾ ಹತ್ತಿರ ಎಲೆಯುದುರಿದ ಮರದ ಮೇಲೆ ಗೂಬೆ ಬಿಸಿಲು ಕಾಯಿಸುತ್ತಾ ಕೂತಿತ್ತು. 113 ವರ್ಷ ಯಾರ ಕಣ್ಣಿಗೂ ಬೀಳದ ಹಕ್ಕಿ!

ಈ ಡೇವಿಡ್‌ಸನ್ ನಮಗೆ ಪರಕೀಯರಲ್ಲ. ಆಮೇಲೆ ಅವರು ಕಾರವಾರದಲ್ಲಿ ಕಲೆಕ್ಟರಾಗಿದ್ದರು. ಅರಣ್ಯ ಇಲಾಖೆಯ ಬೆಲ್, ಉಪ್ಪಿನ ಇಲಾಖೆಯ ಏಟ್ಕೆನ್ ಜೊತೆ ಸೇರಿ ಉತ್ತರ ಕನ್ನಡದ ಚಿಟ್ಟೆಗಳ ಮೇಲೆ 1896ರಿಂದ ಬರೆದ ಲೇಖನಮಾಲೆಯನ್ನು ಚಿಟ್ಟೆಯವರು ಈಗಲೂ ತೆರೆದು ನೋಡುತ್ತಾರೆ. ಕಂದಾಯ, ಕಾಡು, ಉಪ್ಪು ಮೂರು ಇಲಾಖೆಗಳು ಒಂದು ಕೆಲಸಕ್ಕೆ ಸೇರಿ ಅದು ಮುಗಿದದ್ದೂ ಉಂಟು ಎನ್ನುವುದಕ್ಕೆ ನನಗೆ ಗೊತ್ತಿರುವ ಉದಾಹರಣೆ ಇದೊಂದೇ.

ಆ ಗೂಬೆಗೆ 1873ರಲ್ಲಿ ಹೆಸರಿಟ್ಟವರು ಏ. ಓ. ಹ್ಯೂಮ್, ಮುಂದೆ ಕಾಂಗ್ರೆಸ್ ಕಟ್ಟಿದ ಅದೇ ಹ್ಯೂಮ್. ಭಾರತದ ಹಕ್ಕಿಗಳ ಮಹಾಗ್ರಂಥ ಬರೆಯಬೇಕೆಂದು ಇಪ್ಪತ್ತೈದು ವರ್ಷ ಟಿಪ್ಪಣಿ ಮಾಡಿ ಶಿಮ್ಲಾದ ಮನೆಯಲ್ಲಿಟ್ಟಿದ್ದರು. ಅವರು ಊರಲ್ಲಿಲ್ಲದಾಗ ಆಳೊಬ್ಬ ಆ ಕಟ್ಟುಗಳನ್ನು ಬಜಾರಿನಲ್ಲಿ ರದ್ದಿಗೆ ಮಾರಿಬಿಟ್ಟ. ಶಿಮ್ಲಾದ ಎಷ್ಟು ಮನೆಗೆ ಬೇಳೆ, ಅರಿಶಿನ ಆ ಹಕ್ಕಿಗಳ ಪೊಟ್ಟಣದಲ್ಲಿ ಹೋಯಿತೋ. ಹ್ಯೂಮ್ ಮನಸ್ಸು ಮುರಿದು 1885ರಲ್ಲಿ ತಮ್ಮ 82,000 ಚರ್ಮ ಮೊಟ್ಟೆಗಳನ್ನು ಲಂಡನ್ನಿಗೆ ಕೊಟ್ಟುಬಿಟ್ಟರು. ಹಾಳೆಗಳು ಹೋದರೂ ಪ್ರತಿ ಹಕ್ಕಿಯ ಕಾಲಿಗೆ ದಾರದಲ್ಲಿ ಕಟ್ಟಿದ ಚೀಟಿ ಉಳಿದಿತ್ತು. ಊರು, ತಾರೀಖು, ಗಂಡೋ ಹೆಣ್ಣೋ. ಅಷ್ಟೇ. ಮ್ಯೂಸಿಯಮ್ಮಿನ ಬೀರುವಿನ ಹಕ್ಕಿಗಳಿಗೆ ಗಾಜಿನ ಕಣ್ಣೂ ಇಡುವುದಿಲ್ಲ. ಕಣ್ಣಿದ್ದಲ್ಲಿ ಬರೀ ಹತ್ತಿ, ಕಾಲು ಕತ್ತರಿ ಹಾಕಿ ಕಟ್ಟಿ, ಸಾಲಾಗಿ ಅಂಗಾತ ಮಲಗಿಸಿರುತ್ತಾರೆ. ಚಂದವೆನ್ನುವುದು ಒಂದಿಷ್ಟೂ ಇಲ್ಲ. ಆ ಹುಲ್ಲು ತುಂಬಿದ ಕರುವಿನ ಜಾತಿ.

ಆದರೂ ಚೀಟಿ ಇದ್ದರೆ ಇಂಥವೂ ಕೆಲಸಕ್ಕೆ ಬರುತ್ತವೆ. ಇಂಗ್ಲೆಂಡಿನಲ್ಲಿ 1967ರಲ್ಲಿ ಡೆರೆಕ್ ರಾಟ್‌ಕ್ಲಿಫ್ ಎಂಬುವರು ಹಳೆಯ ಮೊಟ್ಟೆ ಸಂಗ್ರಹಗಳನ್ನು ತೂಗಿ, 1940ರ ದಶಕದ ಕೊನೆಯಿಂದೀಚೆಗೆ ಬೈರಿ ಹಕ್ಕಿಯ ಮೊಟ್ಟೆಯ ಚಿಪ್ಪು ಇದ್ದಕ್ಕಿದ್ದಂತೆ ತೆಳುವಾಗಿದೆ ಎಂದು ತೋರಿಸಿದರು. ಕಾರಣ ಡಿಡಿಟಿ ಕೀಟನಾಶಕ. ಮೊಟ್ಟೆಗಳನ್ನು ಕೂಡಿಟ್ಟವರು ಹೆಚ್ಚಿನವರು ಗೂಡು ದೋಚಿದ ಹವ್ಯಾಸಿಗಳು. ಯಾರೂ ಮೆಚ್ಚುವ ಕೆಲಸವಲ್ಲ. ಆದರೆ ಆ ಕಳ್ಳರು ತಾರೀಖನ್ನು ಮಾತ್ರ ಪ್ರಾಮಾಣಿಕವಾಗಿ ಬರೆದಿದ್ದರು.

ನಮ್ಮ ಕಾಟಿಗೆ ಹಿಂತಿರುಗುತ್ತೇನೆ. 2023ರ ಅಕ್ಟೋಬರಿನಲ್ಲಿ ಹುಲಿಯುಗುರಿನ ಪದಕ ಹಾಕಿಕೊಂಡವರ ಗಲಾಟೆ ಟೀವಿಯಲ್ಲಿ ಹಗಲೂ ರಾತ್ರಿ ಓಡಿತಲ್ಲ, ಆಗ ಮಾವನಿಗೆ ಎಂಬತ್ತೈದು. ಫೋನು ಮಾಡಿದರು. ‘ಕಾಟಿಗೂ ಕೇಸು ಹಾಕ್ತಾರೇನೋ? ನಮ್ಮ ಹತ್ರ ಕಾಗದ ಪತ್ರ ಏನೂ ಇಲ್ಲ ಕಣೋ. ನೀನು ಓದಿದೋನು, ಒಂದ್ಸಲ ಬಂದು ಹೋಗು.’ ಹೋದೆ. ಇಟ್ಟುಕೊಳ್ಳಲು ಸರ್ಟಿಫಿಕೇಟು ಮಾಡಿಸುವ ಕಾಲ ಎಂದೋ ಮುಗಿದಿದೆ, ಒಪ್ಪಿಸಿಬಿಡುವುದೇ ನೆಮ್ಮದಿ ಎಂದೆ. ಮಾವ ಎರಡು ದಿನ ಯೋಚಿಸಿದರು. ಮೂರನೆಯ ದಿನ ಛತ್ರಿ, ಟಾರ್ಚು, ಕ್ಯಾಲೆಂಡರು ತೆಗೆದು ಮಂಚದ ಮೇಲಿಟ್ಟರು. ತಲೆ ಇಳಿಸಲು ನಾಲ್ಕು ಜನ ಬೇಕಾಯಿತು. ಮೂತಿಯನ್ನು ಬರಿಗೈಯಲ್ಲಿ ಹಿಡಿಯಬೇಡಿ, ಹಳೇ ಕಾಲದ ಚರ್ಮ, ಪಾಷಾಣ ಹಚ್ಚಿರಬಹುದು ಎಂದು ನಾನು ಎಚ್ಚರಿಸಿದೆ. ಅತ್ತೆ ತಮ್ಮ ಎರಡು ಕೈಯನ್ನೂ ತಿರುಗಿಸಿ ತಿರುಗಿಸಿ ನೋಡಿಕೊಂಡರು. ‘ಅರವತ್ತು ವರ್ಷ ಒರೆಸಿದೀನಲ್ಲೋ! ಈಗ ಹೇಳ್ತೀಯಲ್ಲ!’

ಕಾಟಿಯನ್ನು ಬೀಟೆ ಹಲಗೆಯ ಸಮೇತ ಕಂಬಳಿಯ ಮೇಲೆ ಬೋರಲು ಮಲಗಿಸಿದರು. ಹಲಗೆಯ ಬೆನ್ನಿಗೆ ಒಂದು ಕಾಗದದ ಚೀಟಿ ಅಂಟಿತ್ತು. ಅಂಚನ್ನು ಹುಳ ತಿಂದಿತ್ತು. ಮಸಿ ಕಂದಿದ್ದರೂ ಅಕ್ಷರ ಓದಬಹುದಿತ್ತು. ವ್ಯಾನ್ ಇಂಗೆನ್, ಮೈಸೂರು. ಒಂದು ಸಂಖ್ಯೆ. ಕೆಳಗೆ ಒಬ್ಬ ದೊರೆಯ ಹೆಸರು, ಎಸ್ಟೇಟಿನ ಹೆಸರು, 1919.

ತಾತ ಹುಟ್ಟಿದ್ದು 1906ರಲ್ಲಿ. ಆ ಎಸ್ಟೇಟನ್ನು, ಬಂಗಲೆಯನ್ನು, ಅದರೊಳಗಿನ ಮೇಜು ಕುರ್ಚಿ ಬೀರುಗಳನ್ನು ದೊರೆಗಳು ಊರು ಬಿಡುವಾಗ ತಾತ ಒಟ್ಟಿಗೇ ಕೊಂಡದ್ದು ಸ್ವಾತಂತ್ರ್ಯ ಬಂದ ಮರುವರ್ಷ. ಕಾಟಿ ಮೇಜು ಕುರ್ಚಿಯ ಲೆಕ್ಕದಲ್ಲಿ ಬಂದಿತ್ತು.

ನಾನು ಓದಿದ್ದನ್ನು ಮಾವ ಕೇಳಿಸಿಕೊಂಡರು. ಕನ್ನಡಕ ತರಿಸಿಕೊಂಡು ತಾವೂ ಓದಿದರು. ಬೆರಳು ಮಡಿಚಿ ಏನೋ ಲೆಕ್ಕ ಹಾಕಿದರು. ‘ಹದಿಮೂರು ವರ್ಷ’ ಎಂದರು. ಸ್ವಲ್ಪ ಹೊತ್ತಾದ ಮೇಲೆ, ‘ಅತ್ತೆಗೆ ಹೇಳಬೇಡ’ ಎಂದರು. ಅತ್ತೆ ಬಾಗಿಲಲ್ಲೇ ನಿಂತಿದ್ದರು. ‘ನಂಗೆ ಮದುವೆಯಾಗಿ ಬಂದ ವರ್ಷಾನೇ ಗೊತ್ತು. ನಿಮ್ಮಮ್ಮನೇ ಹೇಳಿದ್ರು’ ಎಂದು ಕೈ ತೊಳೆಯಲು ಮೂರನೆಯ ಸಲ ಬಚ್ಚಲಿಗೆ ಹೋದರು.

ಅರಣ್ಯ ಇಲಾಖೆಯವರು ಜೀಪಿನಲ್ಲಿ ಬಂದರು. ಮರ್ಯಾದೆಯ ಹುಡುಗರು, ಕಾಫಿ ಕುಡಿದು ಮಹಜರು ಬರೆಯಲು ಕೂತರು. ಉದ್ದ, ಅಗಲ, ಕೊಂಬಿನ ಸುತ್ತಳತೆ. ಟೇಪು ಹನ್ನೆರಡು ಅಂಗುಲದ ಅಡಿಯದ್ದೇ. ಗೋಡೆಯಲ್ಲಿ ಕಾಟಿಯಿದ್ದ ಜಾಗ ಮಾತ್ರ ಹಳೆಯ ಸುಣ್ಣದ ಬಿಳುಪಿನಲ್ಲಿ ಕಾಣುತ್ತಿತ್ತು. ಅಲ್ಲಿ ಎರಡು ಹಲ್ಲಿಗಳು ದಿಕ್ಕು ತೋಚದೆ ಓಡಾಡುತ್ತಿದ್ದವು.

‘ಇದು ನಿಮ್ಮ ಮನೆಗೆ ಹೇಗೆ ಬಂತು ಅಂತ ಬರೀಬೇಕು ಯಜಮಾನ್ರೆ’ ಎಂದ ಹುಡುಗ, ಪೆನ್ನು ಎತ್ತಿ ಹಿಡಿದು. ‘ಯಾರು ಹೊಡೆದಿದ್ದು?’

ಮಾವ ನನ್ನ ಕಡೆ ನೋಡಿದರು. ಆಮೇಲೆ ಗೋಡೆಯ ಕಡೆ ನೋಡಿದರು. ತಾತನ ಫೋಟೋ ಪಕ್ಕದಲ್ಲೇ ಇತ್ತು.

‘ಹಿಂದುಗಡೆ ಚೀಟಿ ಇದೆ’ ಎಂದರು. ‘ಅದರಲ್ಲಿರೋ ಹಾಗೇ ಬರ್ಕೊಳ್ಳಿ.’